ಬೇಡವೆಂದರೂ ಮಿಟುಕುವ ಕಣ್ಣು

ಊಟದೆಲೆಯ ಮುಂದೆ ಕುಳಿತ ಏಳೆಂಟು ವರ್ಷದ ಬಾಲಕನು ಪದೇ ಪದೇ ಕಣ್ಣು ಮಿಟುಕಿಸುತ್ತಾನೆ, ಭುಜ ಕುಣಿಸುತ್ತಾನೆ, ನೆಗಡಿಯಿಲ್ಲದಿದ್ದರೂ ಕೆಮ್ಮಿ ಗಂಟಲನ್ನು ಸರಿಮಾಡಿಕೊಳ್ಳುತ್ತಾನೆ. “ಇದೆಂತಹ ಚೇಷ್ಟೆ!” ಎಂದು ತಂದೆಯು ಗದರಿಸಿದರೆ ಅರೆಗಳಿಗೆ ತಡೆದುಕೊಂಡು ಪುನಃ ಅದನ್ನೇ ಮಾಡುತ್ತಾನೆ. ಬರುವ ಸೀನನ್ನು ಎಷ್ಟು ಹೊತ್ತು ತಡೆಯಲಾದೀತು? ಇದೂ ಅಂತಹದೇ. ವೈದ್ಯರು ಇದನ್ನು ‘ಟಿಕ್’ ಎನ್ನುವರು. ಅಂಗಗಳ ಟಿಕ್ಕುಗಳ ಜತೆಗೆ ಧ್ವನಿಯ ಟಿಕ್ಕೂ ಸೇರಿ ಒಂದು ವರ್ಷಕ್ಕೆ ಮೇಲ್ಪಟ್ಟು ನಿಂತರೆ ಅದಕ್ಕೆ ‘ಟೂರೆಟ್’ ಎಂದು ಹೆಸರು.

1885ರಲ್ಲಿ ಪ್ಯಾರಿಸಿನ ವೈದ್ಯ ಜಾರ್ಜ್ ಜಿಲ್ ದ ಲಾ ಟೂರೆಟನು ಒಂಬತ್ತು ಮಂದಿ ರೋಗಿಗಳನ್ನು ವರ್ಣಿಸಿ, ಇದು ವಂಶದಲ್ಲಿ ಹರಿದುಬರುವುದೆಂದು ಆಗಲೇ ಸೂಚಿಸಿದ್ದನು. ಆ ಮಾತಿಗೆ ಬಲ ಬಂದುದು ಅವಳಿಮಕ್ಕಳ ಪರೀಕ್ಷೆಯಿಂದ. ಒಂದೇ ಅಂಡದಿಂದ ಹುಟ್ಟಿದ ಅವಳಿಗಳ ವಂಶವಾಹಿಗಳು ಒಂದೇ. ಎರಡು ಅಂಡಗಳಿಂದ ಹುಟ್ಟಿದವರಲ್ಲಿ ಸಾಮಾನ್ಯ ಒಡಹುಟ್ಟಿದವರಷ್ಟೇ ಹೋಲಿಕೆ. 1985ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಒಬ್ಬರಿಗೆ ಟೂರೆಟ್ ಇದ್ದಾಗ ಇನ್ನೊಬ್ಬರಿಗೂ ಇದ್ದುದು ಮೊದಲನೆಯ ಬಗೆಯಲ್ಲಿ ನೂರಕ್ಕೆ 53, ಎರಡನೆಯದರಲ್ಲಿ ಕೇವಲ 8. ವಂಶದ ಪಾಲು ದೊಡ್ಡದೆಂಬುದು ಇದರಿಂದ ಸ್ಪಷ್ಟ. 53 ಎಂಬುದು ನೂರಾಗಲಿಲ್ಲವಾದುದರಿಂದ ವಂಶವೇ ಸರ್ವಸ್ವವಲ್ಲವೆಂಬುದೂ ಅಷ್ಟೇ ಸ್ಪಷ್ಟ.

ಹಾಗಾದರೆ ಯಾವ ವಂಶವಾಹಿ? 2010ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಅಪೂರ್ವ ಕುಟುಂಬದ ವೃತ್ತಾಂತವನ್ನು ಪ್ರಕಟಿಸಿದರು. ತಂದೆಗೂ ಅವನ ಎಂಟು ಮಕ್ಕಳಿಗೂ ಟೂರೆಟ್, ತಾಯಿಗೆ ಇಲ್ಲ. ಒಂಬತ್ತು ಮಂದಿಯಲ್ಲಿಯೂ, ಹಿಸ್ಟಮೀನ್ ಎಂಬ ದ್ರವ್ಯವನ್ನು ದೇಹದಲ್ಲಿ ತಯಾರಿಸುವ ಕಿಣ್ವದ ವಂಶವಾಹಿಯಲ್ಲಿ ಒಂದೇ ದೋಷವಿತ್ತು. ಕಳ್ಳನು ಸಿಕ್ಕಿದನೆಂದು ಹಿಗ್ಗುವಂತಿರಲಿಲ್ಲ. ಬೇರೆ ರೋಗಿಗಳಲ್ಲಿ ಈ ದೋಷವು ಬಲು ವಿರಳ. 2017ರಲ್ಲಿ ತಂದೆ, ತಾಯಿ, ಮಗು ಮೂವರನ್ನೂ ಒಟ್ಟಿಗೆ ಪರೀಕ್ಷಿಸಿದಾಗ, ಹೆತ್ತವರಿಬ್ಬರಲ್ಲಿಯೂ ಇಲ್ಲದೆ ಮಗುವಿನಲ್ಲಿ ಹೊಸದಾಗಿ ಉಂಟಾದ ಬದಲಾವಣೆಗಳೂ ಕೆಲವರಲ್ಲಿ ಕಾರಣವೆಂದು ಕಂಡುಬಂತು. ಉಳಿದಂತೆ, ಅನೇಕ ವಂಶವಾಹಿಗಳ ಸಣ್ಣ ಸಣ್ಣ ವ್ಯತ್ಯಾಸಗಳು ಹನಿಗೂಡಿ ಹಳ್ಳವಾಗುತ್ತವೆ.

ಆದುದರಿಂದ, ಇದು ತಾಯಿಯ ತವರಿನಿಂದ ಬಂದುದೋ ತಂದೆಯ ಮನೆತನದ್ದೋ ಎಂಬ ಜಗಳಕ್ಕೆ ಅರ್ಥವಿಲ್ಲ. ಎಳೆಗಳು ಎರಡು ಕಡೆಯಿಂದಲೂ ಬರಬಹುದು. ಕೆಲವು ಯಾವ ಕಡೆಯಿಂದಲೂ ಬಾರದಿರಬಹುದು. ರಕ್ತಪರೀಕ್ಷೆಯಿಂದ ಟೂರೆಟನ್ನು ನಿರ್ಣಯಿಸುವ ಕಾಲ ಇನ್ನೂ ಬಂದಿಲ್ಲ. ಆದರೆ ಹತ್ತು ಹನ್ನೆರಡರ ವಯಸ್ಸಿನಲ್ಲಿ ಹೆಚ್ಚುವ ಟಿಕ್ಕುಗಳು ಯೌವನದ ವೇಳೆಗೆ ಬಹುಮಂದಿಯಲ್ಲಿ ತಗ್ಗುತ್ತವೆ. ಅವನ್ನು ಹತೋಟಿಗೆ ತರುವ ಅಭ್ಯಾಸಗಳೂ ಔಷಧಗಳೂ ಉಂಟು. ಗದರಿಕೆಯಿಂದ ಹುಡುಗನ ಮನಸ್ಸು ಕುಗ್ಗಿ ಕಣ್ಣು ಇನ್ನಷ್ಟು ಮಿಟುಕೀತು. ಅವನನ್ನು ನೆಮ್ಮದಿಯಿಂದ ಉಣ್ಣಗೊಡುವುದು ಯಾವ ಸಂಶೋಧನೆಗೂ ಕಾಯದೆ ಹಿರಿಯರು ಇಂದೇ ಮಾಡಬಹುದಾದ ಉಪಚಾರ.