ಮನೆಯ ಖರ್ಚಿಗೆ ಒಂದೇ ಕ್ರೆಡಿಟ್ ಕಾರ್ಡ್: ವರ್ತಕರ ಲೆಕ್ಕಕ್ಕೊಂದು ಶಿಸ್ತು

ವ್ಯಾಪಾರ ಚೆನ್ನಾಗಿಯೇ ನಡೆಯುತ್ತಿದೆ, ಆದರೆ ಕೈಯಲ್ಲಿ ಹಣ ನಿಲ್ಲುತ್ತಿಲ್ಲ ಎಂಬ ಮಾತು ಸಣ್ಣ ಹಾಗೂ ಮಧ್ಯಮ ವರ್ತಕರ ನಡುವೆ ಸದಾ ಕೇಳಿಬರುತ್ತದೆ. ಇದರ ಕಾರಣವನ್ನು ಪೈಪೋಟಿಯಲ್ಲಿ, ತೆರಿಗೆಯಲ್ಲಿ, ಉದ್ರಿ ವಸೂಲಿಯ ವಿಳಂಬದಲ್ಲಿ ಹುಡುಕುವುದು ವಾಡಿಕೆ. ಎಷ್ಟೋ ಸಂದರ್ಭಗಳಲ್ಲಿ ಕಾರಣವು ಗಲ್ಲಾಪೆಟ್ಟಿಗೆಯಲ್ಲಿಯೇ ಇರುತ್ತದೆ. ಬೆಳಿಗ್ಗೆ ತರಕಾರಿಗೆ 300 ರೂಪಾಯಿ, ಮಧ್ಯಾಹ್ನ ಮಕ್ಕಳ ಪುಸ್ತಕಕ್ಕೆ 800, ಸಂಜೆ ಔಷಧಕ್ಕೆ 450 ರೂಪಾಯಿ ಗಲ್ಲಾದಿಂದ ಹೊರಬೀಳುತ್ತವೆ. ಇವು ಕಿರ್ದಿಯನ್ನು ಸೇರುವುದಿಲ್ಲ. ತಿಂಗಳ ಕೊನೆಗೆ ರೋಕಡ ತಾಳೆಯಾಗದಿದ್ದಾಗ, ಅಂಗಡಿ ನಷ್ಟದಲ್ಲಿದೆಯೋ ಮನೆಯ ಖರ್ಚು ಮಿತಿಮೀರಿದೆಯೋ ಎಂಬುದು ಮಾಲೀಕನಿಗೇ ತಿಳಿಯದಂತಾಗುತ್ತದೆ.

ಏಕಮಾಲೀಕತ್ವದ ವ್ಯವಹಾರದಲ್ಲಿ ಮಾಲೀಕನನ್ನೂ ಅಂಗಡಿಯನ್ನೂ ಕಾನೂನು ಬೇರೆ ಬೇರೆಯಾಗಿ ಕಾಣುವುದಿಲ್ಲ. ಆದರೆ ಲೆಕ್ಕಶಾಸ್ತ್ರ ಕಾಣುತ್ತದೆ. ಮಾಲೀಕನು ಸ್ವಂತಕ್ಕೆ ತೆಗೆದುಕೊಂಡ ಹಣವು ಡ್ರಾಯಿಂಗ್ಸ್ ಖಾತೆಗೆ ಸೇರಬೇಕೇ ಹೊರತು ವ್ಯಾಪಾರದ ವೆಚ್ಚವಾಗಕೂಡದು. ಈ ಭೇದವನ್ನು ದಿನನಿತ್ಯ ಕಾಪಾಡುವುದು ಪ್ರಯಾಸದ ಕೆಲಸ. ಮನೆಯ ಖರ್ಚನ್ನೆಲ್ಲ ಒಂದೇ ಕ್ರೆಡಿಟ್ ಕಾರ್ಡಿನ ಮೂಲಕ ನಡೆಸುವುದು ಇದಕ್ಕಿರುವ ಸುಲಭ ಮಾರ್ಗಗಳಲ್ಲಿ ಒಂದು. ಆದರೆ ಅದು ಫಲ ನೀಡುವುದು ಒಂದೇ ಒಂದು ಷರತ್ತಿನ ಮೇಲೆ: ಪ್ರತಿ ತಿಂಗಳ ಬಿಲ್ಲನ್ನು ಪೂರ್ಣವಾಗಿ, ಗಡುವಿನೊಳಗೆ ಪಾವತಿಸಬೇಕು.

ಒಂದು ಬಿಲ್ಲು, ಒಂದು ನಮೂದು

ಕ್ರೆಡಿಟ್ ಕಾರ್ಡ್ ನಮ್ಮ ದೇಶಕ್ಕೆ ಹೊಸತೇನಲ್ಲ. ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾ 1980ರಲ್ಲಿಯೇ ‘ಸೆಂಟ್ರಲ್‌ಕಾರ್ಡ್’ ಎಂಬ ಕಾರ್ಡನ್ನು ಬಳಕೆಗೆ ತಂದಿತ್ತು. ಆದರೆ ದೊಡ್ಡ ಮಳಿಗೆ, ಹೋಟೆಲುಗಳಲ್ಲಿ ಮಾತ್ರ ನಡೆಯುತ್ತಿದ್ದ ಕಾರ್ಡು ಓಣಿಯ ಕಿರಾಣಿ ಅಂಗಡಿಯವರೆಗೆ ಬಂದದ್ದು ಇತ್ತೀಚೆಗೆ. ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಲು ರಿಸರ್ವ್ ಬ್ಯಾಂಕ್ 2022ರಲ್ಲಿ ಅವಕಾಶ ನೀಡಿದ ತರುವಾಯ, ಸ್ವೈಪ್ ಯಂತ್ರವಿಲ್ಲದ ಅನೇಕ ಅಂಗಡಿಗಳಲ್ಲಿಯೂ ಕ್ಯೂಆರ್ ಕೋಡ್ ಮೂಲಕ ಕಾರ್ಡಿನ ಪಾವತಿ ಸಾಧ್ಯವಾಯಿತು. ಇದರಿಂದಾಗಿ ದಿನಸಿ, ಔಷಧ, ಪೆಟ್ರೋಲ್, ವಿದ್ಯುತ್ ಬಿಲ್ಲು, ಮೊಬೈಲ್ ಬಿಲ್ಲು, ವಿಮಾ ಕಂತು ಮೊದಲಾದವನ್ನು ಒಂದೇ ಕಾರ್ಡಿನ ಅಡಿಯಲ್ಲಿ ತರಬಹುದಾಗಿದೆ.

ಪದ್ಧತಿ ಸರಳವಾದದ್ದು. ಮಾಲೀಕನು ತನಗೊಂದು ಮಾಸಿಕ ಸಂಬಳವನ್ನು ನಿಗದಿಪಡಿಸಿಕೊಳ್ಳುತ್ತಾನೆ. ಉದಾಹರಣೆಗೆ 45,000 ರೂಪಾಯಿ. ಪ್ರತಿ ತಿಂಗಳ 1ರಂದು ಆ ಮೊತ್ತವು ಅಂಗಡಿಯ ಚಾಲ್ತಿ ಖಾತೆಯಿಂದ ಮನೆಯ ಉಳಿತಾಯ ಖಾತೆಗೆ ವರ್ಗವಾಗುತ್ತದೆ. ಮನೆಯ ಖರ್ಚು ಕಾರ್ಡಿನಲ್ಲಿ ನಡೆಯುತ್ತದೆ, ಕಾರ್ಡಿನ ಬಿಲ್ಲು ಉಳಿತಾಯ ಖಾತೆಯಿಂದ ಸಂದಾಯವಾಗುತ್ತದೆ. ಅಂಗಡಿಯ ಪುಸ್ತಕದಲ್ಲಿ ನಲವತ್ತು ಚಿಲ್ಲರೆ ನಮೂದುಗಳ ಬದಲು ಡ್ರಾಯಿಂಗ್ಸ್‌ನ ಒಂದೇ ನಮೂದು ಉಳಿಯುತ್ತದೆ. ಬಿಲ್ಲಿನ ಮೊತ್ತ ಸಂಬಳವನ್ನು ಮೀರಿದರೆ, ತಪ್ಪಿರುವುದು ಅಂಗಡಿಯಲ್ಲಲ್ಲ, ಮನೆಯ ಖರ್ಚಿನಲ್ಲಿ ಎಂಬುದು ಅದೇ ತಿಂಗಳಲ್ಲಿ ತಿಳಿಯುತ್ತದೆ. ಪತ್ನಿಗೋ ಹಿರಿಯರಿಗೋ ಆಡ್-ಆನ್ ಕಾರ್ಡ್ ಪಡೆದರೆ ಅವರ ಖರ್ಚೂ ಇದೇ ಬಿಲ್ಲಿನಲ್ಲಿ ಸೇರುತ್ತದೆ. ಆದರೆ ಪಾವತಿಯ ಹೊಣೆ ಮೂಲ ಕಾರ್ಡುದಾರನದೇ ಎಂಬುದನ್ನು ಮರೆಯಬಾರದು.

ದಿನಾಂಕಗಳ ಲೆಕ್ಕ

ಬಡ್ಡಿರಹಿತ ಅವಧಿ ಎಲ್ಲ ಖರೀದಿಗಳಿಗೂ ಸಮಾನವಾಗಿರುವುದಿಲ್ಲ. ಪ್ರತಿ ತಿಂಗಳ 15ರಂದು ಬಿಲ್ಲು ಸಿದ್ಧವಾಗಿ, ಮುಂದಿನ ತಿಂಗಳ 5ರಂದು ಪಾವತಿಯ ಗಡುವು ಇದೆ ಎಂದಿಟ್ಟುಕೊಳ್ಳೋಣ. ಮೇ 16ರಂದು ಮಾಡಿದ ಖರೀದಿಯು ಜೂನ್ 15ರ ಬಿಲ್ಲಿನಲ್ಲಿ ಬರುತ್ತದೆ, ಜುಲೈ 5ರವರೆಗೆ, ಅಂದರೆ 50 ದಿನಗಳ ಕಾಲ ಅದಕ್ಕೆ ಬಡ್ಡಿಯಿಲ್ಲ. ಜೂನ್ 15ರಂದು ಮಾಡಿದ ಖರೀದಿಗೆ ದೊರೆಯುವುದು 20 ದಿನ ಮಾತ್ರ. ಎರಡು ಮೂರು ಕಾರ್ಡುಗಳಿದ್ದರೆ ಇಂತಹ ಎರಡು ಮೂರು ಜೋಡಿ ದಿನಾಂಕಗಳನ್ನು ನೆನಪಿಡಬೇಕಾಗುತ್ತದೆ. ಗಡುವು ತಪ್ಪುವುದು ಬಹುಮಟ್ಟಿಗೆ ಇಲ್ಲಿಯೇ. ಒಂದೇ ಕಾರ್ಡಿದ್ದಲ್ಲಿ ಒಂದೇ ಗಡುವು. ಬಿಲ್ಲಿನ ಪೂರ್ಣ ಮೊತ್ತವು ಖಾತೆಯಿಂದ ತಾನಾಗಿಯೇ ಸಂದಾಯವಾಗುವಂತೆ ಬ್ಯಾಂಕಿಗೆ ಸೂಚನೆ ನೀಡಿದರೆ ಆ ಚಿಂತೆಯೂ ಕಡಿಮೆಯಾಗುತ್ತದೆ. ಸೂಚನೆ ನೀಡುವಾಗ ‘ಕನಿಷ್ಠ ಮೊತ್ತ’ ಎಂಬುದರ ಬದಲು ‘ಪೂರ್ಣ ಮೊತ್ತ’ ಎಂಬುದನ್ನೇ ಆಯ್ದುಕೊಳ್ಳಬೇಕು.

ಕನಿಷ್ಠ ಮೊತ್ತವೆಂಬ ಉರುಳು

ಈ ಎಚ್ಚರಿಕೆಗೆ ಕಾರಣವಿದೆ. 40,000 ರೂಪಾಯಿಯ ಬಿಲ್ಲಿಗೆ ಶೇ. 5ರಷ್ಟು, ಅಂದರೆ 2,000 ರೂಪಾಯಿ ಮಾತ್ರ ಕಟ್ಟಿದರೆ 38,000 ರೂಪಾಯಿ ಬಾಕಿ ಉಳಿಯುತ್ತದೆ. ತಿಂಗಳಿಗೆ ಶೇ. 3.5ರ ದರದಲ್ಲಿ ಇದರ ಬಡ್ಡಿ 1,330 ರೂಪಾಯಿ. ಬಡ್ಡಿಯ ಮೇಲೆ ಶೇ. 18ರ ಜಿಎಸ್‌ಟಿ ಸುಮಾರು 239 ರೂಪಾಯಿ. ಒಟ್ಟು 1,569 ರೂಪಾಯಿ. ಮರುತಿಂಗಳು ಮತ್ತೆ 2,000 ರೂಪಾಯಿ ಕಟ್ಟಿದರೆ ಸಾಲ ಇಳಿಯುವುದು ಸುಮಾರು 430 ರೂಪಾಯಿಯಷ್ಟು ಮಾತ್ರ. ಅಷ್ಟೇ ಅಲ್ಲ, ಬಾಕಿ ಇರುವವರೆಗೆ ಹೊಸ ಖರೀದಿಗಳಿಗೂ ಬಡ್ಡಿರಹಿತ ಅವಧಿ ಸಿಗುವುದಿಲ್ಲ. ಕಾರ್ಡಿನಿಂದ ನಗದು ತೆಗೆದರಂತೂ ಮೊದಲ ದಿನದಿಂದಲೇ ಬಡ್ಡಿ ಆರಂಭ.

ಈ ದರಕ್ಕೆ ನ್ಯಾಯಾಲಯದ ತಡೆಯಿದೆ ಎಂಬ ಭಾವನೆ ಕೆಲವರಲ್ಲಿ ಉಳಿದಿದೆ. ವಾರ್ಷಿಕ ಶೇ. 30ನ್ನು ಮೀರಿದ ಬಡ್ಡಿಯು ಅನುಚಿತ ವ್ಯಾಪಾರ ಪದ್ಧತಿಯೆಂದು ರಾಷ್ಟ್ರೀಯ ಗ್ರಾಹಕ ಆಯೋಗವು 2008ರಲ್ಲಿ ಹೇಳಿದ್ದು ನಿಜ. ಆದರೆ ಸರ್ವೋಚ್ಚ ನ್ಯಾಯಾಲಯವು 2024ರ ಡಿಸೆಂಬರ್ 20ರಂದು ಆ ಆದೇಶವನ್ನು ರದ್ದುಗೊಳಿಸಿತು. ತಿಂಗಳಿಗೆ ಶೇ. 3.5 ಎಂದರೆ ವರ್ಷಕ್ಕೆ ಶೇ. 42. ಅಂಗಡಿಯ ಯಾವ ಸರಕಿನಲ್ಲಿಯೂ ಸುಲಭವಾಗಿ ದೊರೆಯದ ಲಾಭಾಂಶವಿದು. ಇಂತಹ ಬಡ್ಡಿ ತೆತ್ತು ಮನೆ ನಡೆಸುವ ವರ್ತಕನ ಬಂಡವಾಳವೇ ಕ್ರಮೇಣ ಕರಗುತ್ತದೆ.

ಸಾಲದ ಅಂಕದ ಮೇಲೆ ಪರಿಣಾಮ

ದುಡಿಮೆ ಬಂಡವಾಳದ ಸಾಲಕ್ಕೆ ಬ್ಯಾಂಕಿನ ಬಾಗಿಲಿಗೆ ಹೋದಾಗ ಮಾಲೀಕನ ವೈಯಕ್ತಿಕ ಸಾಲದ ಇತಿಹಾಸವನ್ನೂ ಪರಿಶೀಲಿಸಲಾಗುತ್ತದೆ. ಮನೆಯ ಕಾರ್ಡಿನ ಗಡುವು ತಪ್ಪಿದ್ದು ಅಂಗಡಿಯ ಸಾಲಕ್ಕೆ ಅಡ್ಡಿಯಾಗುವುದು ಹೀಗೆ. ಪ್ರತಿ ತಿಂಗಳೂ ಪೂರ್ಣವಾಗಿ ತೀರಿಸಿದ ಒಂದೇ ಕಾರ್ಡು ಉತ್ತಮ ಸಾಕ್ಷಿಯಾಗಬಲ್ಲದು. ಆದರೆ ಖರ್ಚೆಲ್ಲ ಒಂದರಲ್ಲೇ ಸೇರಿ ಮಿತಿಯ ಅಂಚನ್ನು ಮುಟ್ಟುತ್ತಿದ್ದರೆ ಅಂಕ ಕುಗ್ಗುವ ಸಂಭವವಿದೆ. ಮಿತಿಯ ಮೂರನೆಯ ಒಂದು ಭಾಗದೊಳಗೆ ಖರ್ಚು ಇರಿಸಿಕೊಳ್ಳುವುದು ಕ್ಷೇಮ. ಪ್ರತಿಯೊಂದು ಸಾಲ ಮಾಹಿತಿ ಸಂಸ್ಥೆಯಿಂದ ವರ್ಷಕ್ಕೊಮ್ಮೆ ಉಚಿತವಾಗಿ ಪೂರ್ಣ ವರದಿ ಪಡೆಯುವ ಅವಕಾಶವನ್ನು ರಿಸರ್ವ್ ಬ್ಯಾಂಕ್ 2017ರ ಜನವರಿಯಿಂದ ಕಲ್ಪಿಸಿದೆ. ವರ್ತಕರು ಇದರ ಪ್ರಯೋಜನ ಪಡೆಯಬೇಕು.

ಇದ್ದ ಕಾರ್ಡುಗಳಲ್ಲಿ ಬಹುಕಾಲದಿಂದ ಇರುವುದನ್ನು ಉಳಿಸಿಕೊಂಡು ಮಿಕ್ಕವನ್ನು ಬಾಕಿ ತೀರಿಸಿ ಮುಚ್ಚುವುದು ಲೇಸು. ಮುಚ್ಚುವ ಕೋರಿಕೆಯನ್ನು ಏಳು ಕೆಲಸದ ದಿನಗಳೊಳಗೆ ಈಡೇರಿಸದಿದ್ದರೆ, ಬಾಕಿಯಿಲ್ಲದ ಗ್ರಾಹಕನಿಗೆ ದಿನಕ್ಕೆ 500 ರೂಪಾಯಿ ದಂಡ ತೆರಬೇಕೆಂದು 2022ರ ರಿಸರ್ವ್ ಬ್ಯಾಂಕ್ ನಿರ್ದೇಶನಗಳು ವಿಧಿಸಿದವು. ಗ್ರಾಹಕನ ಒಪ್ಪಿಗೆಯಿಲ್ಲದೆ ಕಾರ್ಡ್ ನೀಡುವುದನ್ನೂ ಮಿತಿ ಏರಿಸುವುದನ್ನೂ ಅವೇ ನಿರ್ದೇಶನಗಳು ನಿಷೇಧಿಸಿದವು.

ಕಾರ್ಡಿಗೆ ಹೊರತಾದವು

ಎಲ್ಲವನ್ನೂ ಕಾರ್ಡಿಗೆ ಒಪ್ಪಿಸಲಾಗದು. ಮನೆಗೆಲಸದವರ ಸಂಬಳ, ಹಾಲಿನವರ ಲೆಕ್ಕ, ಬಂಧುಗಳಿಗೆ ಕೊಡುವ ಹಣ ಇವೆಲ್ಲ ಉಳಿತಾಯ ಖಾತೆಯಿಂದಲೋ ನಗದಾಗಿಯೋ ನಡೆಯಬೇಕು; ವ್ಯಕ್ತಿಯಿಂದ ವ್ಯಕ್ತಿಗೆ ಹಣ ಕಳುಹಿಸಲು ಯುಪಿಐಗೆ ಜೋಡಿಸಿದ ಕ್ರೆಡಿಟ್ ಕಾರ್ಡ್ ಬಳಸುವಂತಿಲ್ಲ. ಅಂಗಡಿಯ ದಾಸ್ತಾನನ್ನು ಮನೆಯ ಕಾರ್ಡಿನಲ್ಲಿ ಕೊಂಡರೆ ಬೇರ್ಪಡಿಸಿದ ಲೆಕ್ಕ ಮತ್ತೆ ಬೆರೆಯುತ್ತದೆ. ವ್ಯಾಪಾರದ ವೆಚ್ಚಕ್ಕೆಂದೇ ಬ್ಯಾಂಕುಗಳು ಪ್ರತ್ಯೇಕ ಬಿಸಿನೆಸ್ ಕಾರ್ಡುಗಳನ್ನು ನೀಡುತ್ತವೆ. ಅಂತಹ ವೆಚ್ಚಗಳಲ್ಲಿಯೂ ಹೂಡುವಳಿ ತೆರಿಗೆ ಜಮೆ ಪಡೆಯಲು ಕಾರ್ಡಿನ ಚೀಟಿ ಸಾಲದು, ಜಿಎಸ್‌ಟಿ ನಮೂದಿತ ತೆರಿಗೆ ಬಿಲ್ಲೇ ಬೇಕು.

ಇನ್ನು ಒಂದೇ ಕಾರ್ಡನ್ನು ನೆಚ್ಚಿದಾಗ ಅದು ಕಳೆದುಹೋದರೆ ಮನೆಯ ವ್ಯವಹಾರವೆಲ್ಲ ನಿಲ್ಲುವ ಭಯವುಂಟು. ಡೆಬಿಟ್ ಕಾರ್ಡೊಂದನ್ನೂ ವಾರದ ಖರ್ಚಿಗಾಗುವಷ್ಟು ನಗದನ್ನೂ ಮೀಸಲಿಡುವುದು ಅಗತ್ಯ. ಆನ್‌ಲೈನ್, ವಿದೇಶಿ ಹಾಗೂ ಸ್ಪರ್ಶರಹಿತ ವಹಿವಾಟುಗಳನ್ನು ಬೇಕೆಂದಾಗ ತೆರೆದು ಬೇಡವೆಂದಾಗ ಮುಚ್ಚುವ ಸೌಲಭ್ಯವು 2020ರ ಅಕ್ಟೋಬರ್‌ನಿಂದ ಜಾರಿಯಲ್ಲಿದೆ. ಬಳಸದ ಬಾಗಿಲುಗಳನ್ನು ಮುಚ್ಚಿಡುವುದು ಜಾಣತನ. ಅನಧಿಕೃತ ವಹಿವಾಟಿನ ಸಂದೇಶ ಬಂದರೆ ತಡಮಾಡದೆ ಕಾರ್ಡನ್ನು ತಡೆಹಿಡಿಸಿ ಬ್ಯಾಂಕಿಗೆ ದೂರು ನೀಡಿ ಸ್ವೀಕೃತಿ ಸಂಖ್ಯೆ ಪಡೆಯಬೇಕು. ವಿಳಂಬವಾದಷ್ಟೂ ನಷ್ಟದ ಹೊಣೆ ಗ್ರಾಹಕನ ಮೇಲೆ ಹೆಚ್ಚುತ್ತದೆ.

ಹಿಂದಿನ ತಲೆಮಾರಿನ ವರ್ತಕರು ಮನೆಗೆ ಒಯ್ದ ಒಂದು ಸೇರು ಅಕ್ಕಿಯನ್ನೂ ತಮ್ಮ ಹೆಸರಿನಲ್ಲಿ ಖರ್ಚು ಬರೆಯುತ್ತಿದ್ದರು. ಕಾರ್ಡು ಆ ಬರವಣಿಗೆಯ ಶ್ರಮವನ್ನು ಕಡಿಮೆ ಮಾಡಬಹುದು. ಬರೆದದ್ದನ್ನು ಓದುವ ಶ್ರಮವನ್ನಲ್ಲ. ತಿಂಗಳಿಗೊಮ್ಮೆ ಅರ್ಧ ಗಂಟೆ ಬಿಡುವು ಮಾಡಿಕೊಂಡು ಬಿಲ್ಲಿನ ಪ್ರತಿ ಸಾಲನ್ನೂ ಮನೆಯವರೊಡನೆ ಪರಿಶೀಲಿಸುವ ವರ್ತಕನಿಗೆ ಮನೆಯ ಖರ್ಚೆಷ್ಟು, ಅಂಗಡಿಯ ಲಾಭವೆಷ್ಟು ಎಂಬುದು ಬೇರೆ ಬೇರೆಯಾಗಿ ಕಾಣುತ್ತದೆ. ಮುಂದಿನ ವರ್ಷದ ವ್ಯಾಪಾರದ ನಿರ್ಧಾರಗಳಿಗೆ ಅದೇ ತಳಹದಿ.