ವಸಂತ ಋತುವಿನಲ್ಲಿ ಮಕ್ಕಳ ಹೊರಾಂಗಣ ಚಟುವಟಿಕೆಗಳು: ಮಂಡ್ಯ, ಮದ್ದೂರು ಮತ್ತು ಮಳವಳ್ಳಿ ತಾಲ್ಲೂಕುಗಳ ಪೋಷಕರಿಗೆ ಮಾಹಿತಿ

ಮಾರ್ಚ್ ತಿಂಗಳಿನಲ್ಲಿ ಪರೀಕ್ಷೆಗಳು ಮುಗಿಯುವ ವೇಳೆಗೆ ಹೊಂಗೆಯ ಮರಗಳು ಚಿಗುರಿರುತ್ತವೆ. ಯುಗಾದಿಯ ಹೊತ್ತಿಗೆ ಬೇವು ಹೂ ಬಿಡುತ್ತದೆ. ರಾಜ್ಯ ಪಠ್ಯಕ್ರಮದ ಶಾಲೆಗಳಿಗೆ ಸಾಮಾನ್ಯವಾಗಿ ಏಪ್ರಿಲ್ ಎರಡನೆಯ ವಾರದಿಂದ ಮೇ ಅಂತ್ಯದವರೆಗೆ ಬೇಸಿಗೆ ರಜೆ ಇರುತ್ತದೆ. ಈ ಅವಧಿಯಲ್ಲಿ ಮಕ್ಕಳನ್ನು ಯಾವ ಶಿಬಿರಕ್ಕೆ ಸೇರಿಸಬೇಕು, ಅರ್ಜಿ ಎಲ್ಲಿ ದೊರೆಯುತ್ತದೆ ಎಂದು ಪೋಷಕರು ವಿಚಾರಿಸುವುದುಂಟು. ಮಂಡ್ಯ, ಮದ್ದೂರು ಮತ್ತು ಮಳವಳ್ಳಿ ತಾಲ್ಲೂಕುಗಳಲ್ಲಿ ಈ ಋತುವಿನ ಉತ್ತಮ ಚಟುವಟಿಕೆಗಳ ಪೈಕಿ ಹೆಚ್ಚಿನವಕ್ಕೆ ಅರ್ಜಿಯೂ ಬೇಕಿಲ್ಲ, ಶುಲ್ಕವೂ ಬೇಕಿಲ್ಲ. ಮಕ್ಕಳ ಜೊತೆಯಲ್ಲಿ ಹಿರಿಯರೊಬ್ಬರು ಇರಬೇಕು, ಅಷ್ಟೆ. ನೀರಿರುವ ಸ್ಥಳಗಳಲ್ಲಂತೂ ಇದು ಜೀವದ ಪ್ರಶ್ನೆಯಾಗಿದೆ.

ಕೊಕ್ಕರೆ ಬೆಳ್ಳೂರಿನಲ್ಲಿ ಪಕ್ಷಿ ವೀಕ್ಷಣೆ

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ಶಿಂಷಾ ನದಿಯ ಸಮೀಪದಲ್ಲಿರುವ ಗ್ರಾಮ. ಬೆಂಗಳೂರು–ಮೈಸೂರು ಹಳೆಯ ಹೆದ್ದಾರಿಯಲ್ಲಿ ರುದ್ರಾಕ್ಷಿಪುರದ ಬಳಿ ತಿರುಗಿ ಸುಮಾರು 12 ಕಿ.ಮೀ. ಒಳಗೆ ಸಾಗಿದರೆ ಈ ಗ್ರಾಮ ದೊರೆಯುತ್ತದೆ. ಇದು ಬೇಲಿ ಹಾಕಿದ ಉದ್ಯಾನವಲ್ಲ. ಜನರು ವಾಸಿಸುವ ಊರು. ಮನೆಗಳ ಹಿತ್ತಿಲಲ್ಲಿ, ಬೀದಿಯ ಬದಿಯಲ್ಲಿ ಬೆಳೆದ ಹುಣಸೆ, ಆಲ, ಅರಳಿ ಮೊದಲಾದ ಮರಗಳ ಮೇಲೆ ಹೆಜ್ಜಾರ್ಲೆ ಹಾಗೂ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಚಳಿಗಾಲದ ಆರಂಭದಲ್ಲಿ ಬರುವ ಈ ಹಕ್ಕಿಗಳು ಮರಿಗಳನ್ನು ಬೆಳೆಸಿ, ಮಳೆಗಾಲಕ್ಕೆ ಮುನ್ನ ಹೊರಟುಹೋಗುತ್ತವೆ. ಆದುದರಿಂದ ಮಾರ್ಚ್ ಮತ್ತು ಏಪ್ರಿಲ್ ತಿಂಗಳುಗಳಲ್ಲಿ ಹೋದ ಮಕ್ಕಳಿಗೆ ಬೆಳೆದ ಮರಿಗಳು, ಅವುಗಳಿಗೆ ಮೀನು ತಂದುಣಿಸುವ ತಾಯಿ ತಂದೆಯರು, ರೆಕ್ಕೆ ಬಡಿದು ಹಾರಲು ಕಲಿಯುವ ಮರಿಗಳು, ಎಲ್ಲವೂ ಒಂದೇ ಮರದಲ್ಲಿ ಕಾಣಸಿಗುತ್ತವೆ. ದುರ್ಬೀನು ಇಲ್ಲದೆಯೂ ಇವನ್ನು ನೋಡಬಹುದು.

ಇಲ್ಲಿನ ಹೆಜ್ಜಾರ್ಲೆಗಳ ನೆಲೆಯನ್ನು ಬ್ರಿಟಿಷ್ ಪಕ್ಷಿತಜ್ಞ ಟಿ.ಸಿ. ಜೆರ್ಡನ್ ಅವರು 1853ರಲ್ಲಿಯೇ ದಾಖಲಿಸಿದ್ದರು. ಬಳಿಕ ಬಹುಕಾಲ ಹೊರಗಿನವರ ಗಮನಕ್ಕೆ ಬಾರದಿದ್ದ ಈ ನೆಲೆಯನ್ನು ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರು 1976ರಲ್ಲಿ ಮತ್ತೆ ಬೆಳಕಿಗೆ ತಂದರು. ಗ್ರಾಮಸ್ಥರಿಗೆ ಮಾತ್ರ ಇದು ಎಂದೂ ಹೊಸ ಸಂಗತಿಯಾಗಿರಲಿಲ್ಲ. ಮರದಡಿ ಬೀಳುವ ಹಿಕ್ಕೆಯನ್ನು ಅವರು ಹೊಲಗಳಿಗೆ ಗೊಬ್ಬರವಾಗಿ ಬಳಸುತ್ತಿದ್ದರು. ಹಕ್ಕಿಗಳು ಕುಳಿತ ಹುಣಸೆಮರದಿಂದ ಫಸಲು ಸರಿಯಾಗಿ ದೊರೆಯದ ಕಾರಣ ಮರಗಳ ಮಾಲೀಕರಿಗೆ ಅರಣ್ಯ ಇಲಾಖೆಯು ಪರಿಹಾರಧನ ನೀಡುವ ವ್ಯವಸ್ಥೆ ಬಂದಿತು. ಗೂಡಿನಿಂದ ಬಿದ್ದ ಮರಿಗಳನ್ನು ಆವರಣವೊಂದರಲ್ಲಿಟ್ಟು, ಮೀನು ತಿನ್ನಿಸಿ, ಹಾರುವವರೆಗೆ ಸಾಕುವ ಕಾರ್ಯವನ್ನು ಸ್ಥಳೀಯ ಯುವಕರ ‘ಹೆಜ್ಜಾರ್ಲೆ ಬಳಗ’ ನಡೆಸಿಕೊಂಡು ಬಂದಿದೆ. 2007ರಲ್ಲಿ ಈ ಪ್ರದೇಶವನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಲಾಯಿತು.

ಇಲ್ಲಿನ ಹಕ್ಕಿಗಳು ಮೀನಿಗಾಗಿ ಮದ್ದೂರು, ತೈಲೂರು, ಮಳವಳ್ಳಿ ಮುಂತಾದ ಕೆರೆಗಳಿಗೆ ಹಾರಿ ಹೋಗುತ್ತವೆ. ಆದುದರಿಂದ ಕೊಕ್ಕರೆ ಬೆಳ್ಳೂರಿಗೆ ಹೋಗಲು ಅನುಕೂಲವಿಲ್ಲದ ಮಕ್ಕಳೂ ತಮ್ಮೂರಿನ ಕೆರೆಯ ಏರಿಯ ಮೇಲೆ ಬೆಳಗಿನ ಹೊತ್ತು ಹಿರಿಯರೊಡನೆ ನಿಂತರೆ ಇವುಗಳನ್ನು ಕಾಣುವ ಸಾಧ್ಯತೆ ಇದೆ. ಬಣ್ಣದ ಕೊಕ್ಕರೆಯು ಅರೆ ತೆರೆದ ಕೊಕ್ಕನ್ನು ನೀರಿನಲ್ಲಿ ಆಡಿಸುತ್ತಾ ಮೀನು ತಗುಲಿದೊಡನೆ ಮುಚ್ಚುತ್ತದೆ. ಹೆಜ್ಜಾರ್ಲೆಯು ಕೊಕ್ಕಿನ ಕೆಳಗಿನ ಚೀಲದಿಂದ ನೀರಿನೊಡನೆ ಮೀನನ್ನೂ ಮೊಗೆಯುತ್ತದೆ. ಈ ವ್ಯತ್ಯಾಸವನ್ನು ಮಕ್ಕಳೇ ಕಂಡುಹಿಡಿಯುವಂತೆ ಬಿಡುವುದು ಸೂಕ್ತ.

ಗ್ರಾಮದಲ್ಲಿ ಮಕ್ಕಳು ಕೂಗಾಡದಂತೆ, ಕಲ್ಲು ಎಸೆಯದಂತೆ, ಪಟಾಕಿ ಹಚ್ಚದಂತೆ ನೋಡಿಕೊಳ್ಳತಕ್ಕದ್ದು. ಗಾಬರಿಗೊಂಡ ಹಕ್ಕಿಗಳು ಒಮ್ಮೆಲೇ ಎದ್ದಾಗ ಮರಿಗಳು ಗೂಡಿನಿಂದ ಬೀಳುತ್ತವೆ. ಬಿದ್ದ ಮರಿಯನ್ನು ಮಕ್ಕಳು ಎತ್ತಿಕೊಳ್ಳದೆ ಗ್ರಾಮಸ್ಥರಿಗೆ ಅಥವಾ ಅರಣ್ಯ ಸಿಬ್ಬಂದಿಗೆ ತಿಳಿಸಬೇಕು. ಸತ್ತ ಹಕ್ಕಿಗಳನ್ನು ಮುಟ್ಟಬಾರದು. ಮೊಟ್ಟೆ ತೆಗೆಯುವುದು ಹಾಗೂ ಹಕ್ಕಿಗಳಿಗೆ ಹಾನಿ ಮಾಡುವುದು ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರ ಅನ್ವಯ ಅಪರಾಧವಾಗಿರುತ್ತದೆ. ಹಿತ್ತಿಲಿಗೆ ಪ್ರವೇಶಿಸುವ ಮುನ್ನ ಮನೆಯವರ ಅನುಮತಿ ಕೇಳುವುದು ಸೌಜನ್ಯ. ಕೇಳಿದವರಿಗೆ ಅಲ್ಲಿನ ಹಿರಿಯರು ಹಕ್ಕಿಗಳ ಕುರಿತು ಬಹಳಷ್ಟು ಹೇಳಬಲ್ಲರು.

ಮರಗಳು ಮತ್ತು ಆಟಗಳು

ಪ್ರತಿ ಮಗುವೂ ಮನೆಯ ಸಮೀಪದ ಒಂದು ಮರವನ್ನು ಆರಿಸಿಕೊಂಡು ವಾರಕ್ಕೊಮ್ಮೆ ಅದರ ಚಿಗುರು, ಹೂ, ಕಾಯಿಗಳನ್ನು ಪುಸ್ತಕದಲ್ಲಿ ಬರೆದಿಡಬಹುದು. ‘ಸೀಸನ್‌ವಾಚ್’ ಎಂಬ ಅಖಿಲ ಭಾರತ ಕಾರ್ಯಕ್ರಮದಲ್ಲಿ ಶಾಲಾ ಮಕ್ಕಳು ಇದನ್ನೇ ಮಾಡುತ್ತಾರೆ. ಲಗೋರಿ, ಚಿನ್ನಿದಾಂಡು, ಬುಗುರಿ, ಕುಂಟೆಬಿಲ್ಲೆಗಳಿಗೆ ಖಾಲಿ ಜಾಗವಿದ್ದರೆ ಸಾಕು. ಮರಕೋತಿ ಆಟದಲ್ಲಿ ದೂರ ಎಸೆದ ಕೋಲನ್ನು ಒಬ್ಬನು ತರುವಷ್ಟರಲ್ಲಿ ಉಳಿದವರು ಮರವೇರುತ್ತಾರೆ. ಇದಕ್ಕೆ ತಗ್ಗಾದ, ಗಟ್ಟಿ ಕೊಂಬೆಗಳ ಮರವನ್ನು ಆರಿಸಬೇಕು. ಹಕ್ಕಿಗೂಡು ಅಥವಾ ಹೆಜ್ಜೇನು ಇರುವ ಮರವನ್ನೂ, ವಿದ್ಯುತ್ ತಂತಿ ಹಾದುಹೋಗುವ ಮರವನ್ನೂ ಏರಲು ಬಿಡಬಾರದು. ಆಟಗಳು ಬೆಳಿಗ್ಗೆ 10 ಗಂಟೆಯೊಳಗೆ ಅಥವಾ ಸಂಜೆ 4ರ ನಂತರ ನಡೆಯುವುದು ಒಳಿತು.

ನಾಲೆ, ಕೆರೆ ಮತ್ತು ನದಿ

ಕೃಷ್ಣರಾಜಸಾಗರದಿಂದ ಬರುವ ವಿಶ್ವೇಶ್ವರಯ್ಯ ನಾಲೆ ಮತ್ತು ಅದರ ಶಾಖೆಗಳು ಈ ಭಾಗದ ಗದ್ದೆಗಳಿಗೆ ನೀರುಣಿಸುತ್ತವೆ. ಬೇಸಿಗೆಯಲ್ಲಿ ನೀರನ್ನು ಕಟ್ಟು ಪದ್ಧತಿಯಲ್ಲಿ ಬಿಡುವುದರಿಂದ, ನಿನ್ನೆ ಮಕ್ಕಳು ಇಳಿದು ಆಡಿದ ಒಣ ನಾಲೆಯು ಇಂದು ತುಂಬಿ ಹರಿಯುತ್ತಿರಬಹುದು. ಕಾಂಕ್ರೀಟ್ ಹಾಸಿದ ಇಳಿಜಾರು ಬದಿಗಳಲ್ಲಿ ಪಾಚಿ ಕಟ್ಟಿರುತ್ತದೆ. ಒಮ್ಮೆ ಜಾರಿದವರಿಗೆ ಈಜು ಬಂದರೂ ಮೇಲೇರಲು ಹಿಡಿತ ಸಿಗುವುದಿಲ್ಲ. ಈಜು ಬರುವುದೆಂಬ ಧೈರ್ಯದ ಮೇಲೆ ಮಕ್ಕಳನ್ನು ನಾಲೆಗೆ ಕಳುಹಿಸುವುದು ತಪ್ಪು ಲೆಕ್ಕ. ಈಜು ಕಲಿಸಬೇಕೆಂದಿದ್ದಲ್ಲಿ ನಿಂತ ನೀರಿನಲ್ಲಿ, ಈಜು ಬಲ್ಲ ಹಿರಿಯರು ಕೈಗೆಟುಕುವ ಅಂತರದಲ್ಲಿದ್ದು ಕಲಿಸತಕ್ಕದ್ದು.

ಮಳವಳ್ಳಿ ತಾಲ್ಲೂಕಿನ ಮುತ್ತತ್ತಿಯಲ್ಲಿ ಕಾವೇರಿಯು ಶಾಂತವಾಗಿ ಹರಿಯುವಂತೆ ತೋರಿದರೂ ಬಂಡೆಗಳ ನಡುವೆ ಮಡುಗಳೂ ಸುಳಿಗಳೂ ಇವೆ. ಇಲ್ಲಿ ನೀರಿಗಿಳಿದು ಪ್ರಾಣ ಕಳೆದುಕೊಂಡವರು ಹಲವರು. ಆಂಜನೇಯಸ್ವಾಮಿಯ ದರ್ಶನ ಮುಗಿಸಿ ದಡದಲ್ಲಿ ಬುತ್ತಿ ಬಿಚ್ಚುವ ಕುಟುಂಬಗಳು, ಮಕ್ಕಳನ್ನು ನೋಡಿಕೊಳ್ಳುವ ಹೊಣೆಯನ್ನು ಹೆಸರು ಹೇಳಿ ಒಬ್ಬರಿಗೆ ವಹಿಸುವುದು ಅವಶ್ಯ. ಎಲ್ಲರೂ ನೋಡುತ್ತಿದ್ದಾರೆಂದು ಎಲ್ಲರೂ ಭಾವಿಸಿದಾಗ ಯಾರೂ ನೋಡಿರುವುದಿಲ್ಲ. ಮುಳುಗುವ ಮಗು ಸಾಮಾನ್ಯವಾಗಿ ಕೂಗುವುದೂ ಇಲ್ಲ. ಶಿವನಸಮುದ್ರದ ಗಗನಚುಕ್ಕಿಯಲ್ಲಿ ಬೇಸಿಗೆಯಲ್ಲಿ ನೀರು ಕಡಿಮೆ. ಜಲಪಾತದ ಬಂಡೆಗಳಿಗೆ ಇಳಿಯದೆ ವೀಕ್ಷಣಾ ಸ್ಥಳದಿಂದಲೇ ನೋಡಬೇಕು. 1902ರಲ್ಲಿ ಇಲ್ಲಿಂದಲೇ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿಯಿತೆಂಬ ಸಂಗತಿಯನ್ನು ದೊಡ್ಡ ಮಕ್ಕಳಿಗೆ ತಿಳಿಸಬಹುದು.

ಯಾರಾದರೂ ನೀರಿಗೆ ಬಿದ್ದಲ್ಲಿ ಮಕ್ಕಳು ಹಿಂದೆಯೇ ಧುಮುಕಬಾರದೆಂದು ಮೊದಲೇ ಹೇಳಿರತಕ್ಕದ್ದು. ದಡದಲ್ಲಿ ನಿಂತು ಹಗ್ಗ, ಸೀರೆ, ಉದ್ದನೆಯ ಬಿದಿರು ಅಥವಾ ಬಾಯಿ ಮುಚ್ಚಿದ ಖಾಲಿ ಪ್ಲಾಸ್ಟಿಕ್ ಕ್ಯಾನನ್ನು ನೀಡಿ, ಜನರನ್ನು ಕೂಗಿ ಕರೆದು, 112ಕ್ಕೆ ಕರೆ ಮಾಡಬೇಕು. ಮೇಲೆತ್ತಿದ ಮಗುವನ್ನು ತಲೆಕೆಳಗಾಗಿ ಹಿಡಿಯುವುದಾಗಲಿ, ಹೊಟ್ಟೆ ಒತ್ತಿ ನೀರು ತೆಗೆಯುವುದಾಗಲಿ ಮಾಡಬಾರದು. ಉಸಿರಾಟವಿಲ್ಲದಿದ್ದಲ್ಲಿ ಕೂಡಲೇ ಬಾಯಿಯ ಮೂಲಕ ಉಸಿರು ನೀಡಿ, ಎದೆ ಒತ್ತುವುದನ್ನು ಆರಂಭಿಸಿ, 108 ಆಂಬುಲೆನ್ಸ್ ಕರೆಸಬೇಕು. ಮಗು ಚೇತರಿಸಿಕೊಂಡಂತೆ ಕಂಡರೂ ಆಸ್ಪತ್ರೆಯಲ್ಲಿ ತೋರಿಸತಕ್ಕದ್ದು.

ಶಿಬಿರ ಮತ್ತು ನೋಂದಣಿ

ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳಲ್ಲಿ (ಗ್ರಂಥಾಲಯ) 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ 6 ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಕಲ್ಪಿಸಲಾಯಿತು. ಬಿಸಿಲಿನ ಹೊತ್ತನ್ನು ಮಕ್ಕಳು ಅಲ್ಲಿ ಪುಸ್ತಕಗಳೊಡನೆ ಕಳೆಯಬಹುದು. ಆಯಾ ವರ್ಷದ ಬೇಸಿಗೆ ಶಿಬಿರಗಳ ದಿನಾಂಕ ಹಾಗೂ ಹೆಸರು ನೋಂದಣಿಯ ಬಗ್ಗೆ ಗ್ರಾಮಾಂತರದ ಪೋಷಕರು ತಮ್ಮ ಪಂಚಾಯಿತಿಯ ಗ್ರಂಥಾಲಯ ಮೇಲ್ವಿಚಾರಕರನ್ನೂ, ಪಟ್ಟಣದವರು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಕಚೇರಿಯನ್ನೂ ವಿಚಾರಿಸುವುದು. ತೊಂದರೆಯಲ್ಲಿರುವ ಅಥವಾ ಕಾಣೆಯಾದ ಮಕ್ಕಳ ನೆರವಿಗೆ ಮಕ್ಕಳ ಸಹಾಯವಾಣಿ 1098ಕ್ಕೆ ಹಗಲು ರಾತ್ರಿ ಯಾವುದೇ ಸಮಯದಲ್ಲಿ ಉಚಿತವಾಗಿ ಕರೆ ಮಾಡಬಹುದಾಗಿದೆ.