ಹಳೇ ಕಾರಿನ ಕಟಕಟ: ಗ್ಯಾರೇಜಿಗೆ ಹೋಗುವ ಮುನ್ನ ಕಿವಿಗೊಟ್ಟು ಕೇಳಿ

ಮಿಕ್ಸಿಯ ಸದ್ದು ಕೊಂಚ ಬದಲಾದರೂ ಸಾಕು, ಕಾಯಿಚೂರು ಸಿಕ್ಕಿಕೊಂಡಿದೆಯೋ, ಜಾರಿನ ಬ್ಲೇಡು ಸಡಿಲವಾಗಿದೆಯೋ ಅಂತ ಜಗಲಿಯಲ್ಲಿ ಕೂತೇ ಹೇಳಿಬಿಡುತ್ತೇವೆ. ಕುಕ್ಕರು ಸೀಟಿ ಹಾಕದೆ ಬರೀ ಬುಸುಗುಟ್ಟಿದರೆ ಗ್ಯಾಸ್ಕೆಟ್ ಹಳತಾಯಿತೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇಷ್ಟು ಚುರುಕು ಕಿವಿಯವರು ಕಾರಿನ ವಿಷಯ ಬಂದಾಗ ಮಾತ್ರ ‘ಅದು ಗಂಡಸರ ಬಾಬತ್ತು’ ಎಂದು ಸುಮ್ಮನಾಗುತ್ತೇವೆ. ಗ್ಯಾರೇಜಿನವರು ‘ಇಂಜಿನ್ ಹೋಗಿದೆ’ ಎಂದರೆ ಯಜಮಾನರೂ ನಾವೂ ಮುಖಮುಖ ನೋಡಿಕೊಂಡು, ಮಗಳ ಕಾಲೇಜಿಗೆಂದು ಕೂಡಿಟ್ಟ ಹಣಕ್ಕೆ ಕೈ ಹಾಕುತ್ತೇವೆ.

ಹಳೆಯ ಕಾರು ನಿಂತಲ್ಲೇ ನಡುಗುವುದು, ಕಟಕಟ ಸದ್ದು ಮಾಡುವುದು ಎರಡೂ ಜ್ವರವಿದ್ದ ಹಾಗೆ. ಕಾರಣ ನೂರಿರಬಹುದು. ಜ್ವರ ಬಂದ ಕೂಡಲೇ ಆಪರೇಷನ್ ಮಾಡಿಸುವವರುಂಟೇ? ಕಾರಿಗೂ ಅಷ್ಟೇ, ಮೊದಲು ಅಗ್ಗದ ಕಾರಣಗಳನ್ನು ನೋಡಿ ಮುಗಿಸಬೇಕು. ಆದರೆ ಕೆಲವು ಸದ್ದುಗಳಿಗೆ ಒಂದು ನಿಮಿಷವೂ ತಡ ಮಾಡಬಾರದು. ಯಾವುದಕ್ಕೆ ಕಾಯಬಹುದು, ಯಾವುದಕ್ಕೆ ಕಾಯಬಾರದು ಎನ್ನುವುದಿಷ್ಟು ತಿಳಿದಿದ್ದರೆ ಸಾಕು.

ಕಾರು ನಡುಗುವುದೇಕೆ?

ನಮ್ಮೆಲ್ಲರಿಗೂ ಪರಿಚಯದ ಮಾರುತಿ 800ನ್ನೇ ತೆಗೆದುಕೊಳ್ಳಿ. 1983ರ ಡಿಸೆಂಬರಿನಲ್ಲಿ ಮೊದಲ ಕಾರು ಹೊರಬಂತು, 2014ರ ಜನವರಿಯಲ್ಲಿ ತಯಾರಿಕೆ ನಿಂತಿತು. ಆದರೂ ಎಷ್ಟೋ ಮನೆಗಳ ಮುಂದೆ ಇವತ್ತಿಗೂ ಅದು ನಿಂತಿದೆ. 796 ಸಿ.ಸಿ.ಯ ಆ ಇಂಜಿನ್ನಿಗೆ ಇರುವುದು ಮೂರೇ ಸಿಲಿಂಡರು. ಮೂರು ಒಲೆಯ ಅಡಿಗೆಮನೆ ಅಂದುಕೊಳ್ಳಿ. ಪ್ರತಿ ಒಲೆಯಲ್ಲೂ ಪೆಟ್ರೋಲು ಗಾಳಿಯೊಡನೆ ಬೆರೆತು, ಪ್ಲಗ್ಗಿನ ಕಿಡಿ ತಗುಲಿ ಉರಿಯಬೇಕು. ಇಂಜಿನ್ ಎರಡು ಸುತ್ತು ತಿರುಗುವಷ್ಟರಲ್ಲಿ ಒಂದೊಂದು ಸಿಲಿಂಡರೂ ಒಂದೊಂದು ಸಲ ಉರಿಯುತ್ತದೆ.

ಆಕ್ಸಿಲರೇಟರ್ ಮುಟ್ಟದೆ ನಿಂತಲ್ಲೇ ಇಂಜಿನ್ ಓಡುವುದಕ್ಕೆ ಐಡ್ಲಿಂಗ್ ಅಂತಾರೆ. ಆಗ ನಿಮಿಷಕ್ಕೆ 900 ಸುತ್ತು ಎಂದಿಟ್ಟುಕೊಂಡರೆ ಒಂದೊಂದು ಸಿಲಿಂಡರೂ ನಿಮಿಷಕ್ಕೆ 450 ಸಲ ಉರಿಯಬೇಕಾಯಿತು. ಮೂರರಲ್ಲಿ ಒಂದು ಕೈಕೊಟ್ಟರೆ ಮೂರನೇ ಒಂದು ಪಾಲು ಬಲ ಹೋದಂತೆ. ನಾಲ್ಕು ಸಿಲಿಂಡರಿನ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳಲ್ಲಾದರೆ ಕಾಲು ಪಾಲು. ವೇಗವಾಗಿ ಹೋಗುವಾಗ ಅಷ್ಟಾಗಿ ತಿಳಿಯದ ಈ ಕುಂಟು, ಸಿಗ್ನಲ್ಲಿನಲ್ಲಿ ನಿಂತ ಕೂಡಲೇ ಸ್ಟೀರಿಂಗು, ಸೀಟು, ಕನ್ನಡಿ ಎಲ್ಲವನ್ನೂ ಅಲ್ಲಾಡಿಸುತ್ತದೆ. ‘ಗಾಡಿ ಮಿಸ್ಸಿಂಗ್ ಹೊಡೀತಿದೆ’ ಎಂದು ಮೆಕ್ಯಾನಿಕ್ಕುಗಳು ಅನ್ನುವುದು ಇದಕ್ಕೇ.

ಮೊದಲು ಅಗ್ಗದ ಕಾರಣಗಳು

ಒಲೆ ಉರಿಯಲು ಬೇಕಾದ್ದು ಮೂರು: ಕಿಡಿ, ಗಾಳಿ, ಪೆಟ್ರೋಲು. ಇದೇ ಕ್ರಮದಲ್ಲಿ ನೋಡಿಸಿ.

ಕಿಡಿ: ಪ್ಲಗ್ಗುಗಳನ್ನು ಬಿಚ್ಚಿಸಿ ತುದಿಯ ಬಣ್ಣ ನೋಡಿ. ತಿಳಿಕಂದು ಬಣ್ಣವಿದ್ದರೆ ಚೆನ್ನಾಗಿದೆ. ಒಣ ಮಸಿ ಮೆತ್ತಿದ್ದರೆ ಪೆಟ್ರೋಲು ಹೆಚ್ಚಾಗಿ, ಗಾಳಿ ಕಡಿಮೆಯಾಗಿದೆ. ಎಣ್ಣೆಯ ಜಿಡ್ಡಿದ್ದರೆ ಇಂಜಿನ್ ಆಯಿಲ್ ಒಳಗೆ ಇಳಿಯುತ್ತಿದೆ. ಬೆಳ್ಳಗೆ ಸುಟ್ಟಂತಿದ್ದರೆ ಕಾವು ಹೆಚ್ಚಾಗಿದೆ. ಪ್ಲಗ್ಗಿಗೆ ಬರುವ ವೈರುಗಳು ಹಳತಾದರೆ ಬಿರುಕು ಬಿಟ್ಟು, ಕಿಡಿ ದಾರಿಯಲ್ಲೇ ಸೋರಿಹೋಗುತ್ತದೆ. ಮಳೆಗಾಲದ ಬೆಳಿಗ್ಗೆ ಗಡಗಡ ನಡುಗಿ, ಇಂಜಿನ್ ಬಿಸಿಯಾದ ಮೇಲೆ ಸರಿಹೋಗುವ ಗಾಡಿಗಳಲ್ಲಿ ಈ ವೈರುಗಳನ್ನೂ ಡಿಸ್ಟ್ರಿಬ್ಯೂಟರಿನ ಮುಚ್ಚಳವನ್ನೂ ಮೊದಲು ಅನುಮಾನಿಸಬೇಕು.

ಗಾಳಿ: ಏರ್ ಫಿಲ್ಟರ್ ಧೂಳು ಕಟ್ಟಿದ್ದರೆ ಇಂಜಿನ್ನಿಗೆ ಉಸಿರು ಸಾಲದು. ಕಾರ್ಬುರೇಟರಿನ ಸುತ್ತಲಿನ ರಬ್ಬರ್ ಕೊಳವೆ ಹರಿದು ‘ಸ್ಸ್’ ಎಂದು ಗಾಳಿ ಎಳೆಯುತ್ತಿದ್ದರೆ ಐಡ್ಲಿಂಗ್ ಒಮ್ಮೆ ಏರಿ ಒಮ್ಮೆ ಇಳಿಯುತ್ತದೆ.

ಪೆಟ್ರೋಲು: ಚೋಕ್ ಇರುವ ಗಾಡಿಯಲ್ಲಿ ಅದನ್ನು ಎಳೆದವರು ಹಿಂದಕ್ಕೆ ತಳ್ಳಿದ್ದಾರೋ ನೋಡಿ. ಎಳೆದೇ ಬಿಟ್ಟಿದ್ದರೆ ಕಪ್ಪು ಹೊಗೆ ಬಿಟ್ಟು ನಡುಗುತ್ತದೆ. ಕಾರ್ಬುರೇಟರಿನ ಸಣ್ಣ ತೂತುಗಳಲ್ಲಿ ಕಸ ಕೂತರೂ ಇದೇ ಪಾಡು. 2025ರ ಹೊತ್ತಿಗೆ ದೇಶದಲ್ಲಿ ಪೆಟ್ರೋಲಿಗೆ ಎಥನಾಲ್ ಬೆರೆಸುವುದು ನೂರಕ್ಕೆ 20ರ ಮಟ್ಟ ಮುಟ್ಟಿತು. ಹಳೆಯ ಕಾರುಗಳ ರಬ್ಬರ್ ಭಾಗಗಳನ್ನು ಅದಕ್ಕೆಂದು ಮಾಡಿದ್ದಲ್ಲ. ಹಾಗಾಗಿ ಪೆಟ್ರೋಲಿನ ಕೊಳವೆಗಳನ್ನು ಸರ್ವಿಸ್ ಮಾಡಿಸಿದಾಗಲೆಲ್ಲ ನೋಡಿಸಿ. ಪೆಟ್ರೋಲಿನ ವಾಸನೆ ಬಂದರೆ ಸ್ಟಾರ್ಟ್ ಮಾಡಲೇಬೇಡಿ.

ಇವೆಲ್ಲ ಸರಿಯಿದ್ದೂ ಕಾರು ಅಲ್ಲಾಡಿದರೆ, ಇಂಜಿನ್ನನ್ನು ಹೊತ್ತಿರುವ ರಬ್ಬರ್ ಮೌಂಟಿಂಗುಗಳು ಸವೆದಿರಬಹುದು. ಆಗ ಇಂಜಿನ್ನಿನ ಸದ್ದು ಹದವಾಗಿಯೇ ಇರುತ್ತದೆ, ನಡುಗುವುದು ಗಾಡಿಯ ಮೈ ಮಾತ್ರ.

ಸದ್ದು ನಾಲ್ಕು ಬಗೆ

ಟಿಕ್ ಟಿಕ್: ಹೊಲಿಗೆ ಯಂತ್ರದಂಥ ಹಗುರ ಸದ್ದು, ಇಂಜಿನ್ನಿನ ಮೇಲ್ಭಾಗದಿಂದ. ಹೆಚ್ಚಾಗಿ ಟ್ಯಾಪೆಟ್ ಸಡಿಲವಾಗಿರುತ್ತದೆ. ತೆಳ್ಳನೆಯ ಉಕ್ಕಿನ ಪಟ್ಟಿಯಿಂದ ಸಂದು ಅಳೆದು ಬಿಗಿ ಮಾಡುತ್ತಾರೆ. ಗಾಬರಿ ಬೇಡ, ವರ್ಷಗಟ್ಟಲೆ ಉದಾಸೀನವೂ ಬೇಡ. ಆಯಿಲ್ ಕಡಿಮೆಯಾದರೂ ಹೀಗೇ ಕೇಳುವುದರಿಂದ ಮೊದಲು ಅದನ್ನು ನೋಡಿ.

ಕಿಣಿಕಿಣಿ: ಡಬ್ಬದಲ್ಲಿ ಚಿಲ್ಲರೆ ಕುಲುಕಿದ ಹಾಗೆ. ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತುವಾಗ, ನಾಲ್ಕು ಜನ ಕೂತು, ಗೇರ್ ಇಳಿಸದೆ ಆಕ್ಸಿಲರೇಟರ್ ಒತ್ತಿದರೆ ಕೇಳಿಸುತ್ತದೆ. ಒಳಗೆ ಪೆಟ್ರೋಲು ಹದವಾಗಿ ಉರಿಯದೆ ಒಮ್ಮೆಲೇ ಸಿಡಿಯುವ ಸದ್ದು ಅದು. ಕೂಡಲೇ ಗೇರ್ ಇಳಿಸಿ, ಕಾಲು ಹಗುರ ಮಾಡಿ. ಆಮೇಲೂ ಬರುತ್ತಿದ್ದರೆ ಟೈಮಿಂಗ್ ಸರಿಮಾಡಿಸಿ, ಇಂಜಿನ್ ಅತಿಯಾಗಿ ಕಾಯುತ್ತಿದೆಯೇ ನೋಡಿಸಿ. ಹಾಗೆಯೇ ಬಿಟ್ಟರೆ ಪಿಸ್ಟನ್ನೇ ಹಾಳಾದೀತು.

ಟಪಟಪ: ಬೆಳಿಗ್ಗೆ ತಣ್ಣಗಿರುವಾಗ ಜೋರು, ಬಿಸಿಯಾದಂತೆ ಕಡಿಮೆ. ಪಿಸ್ಟನ್ನಿಗೂ ಸಿಲಿಂಡರಿಗೂ ನಡುವೆ ಸವೆತ ಶುರುವಾಗಿದೆ ಎನ್ನಬಹುದು. ಆಯಿಲ್ ಮಟ್ಟದ ಮೇಲೆ ಕಣ್ಣಿಟ್ಟರೆ ಇಂಥ ಗಾಡಿ ಬಹುಕಾಲ ಓಡುವುದುಂಟು.

ಧಡ್ ಧಡ್: ಒನಕೆಯಲ್ಲಿ ಕುಟ್ಟಿದಂಥ ಭಾರದ ಸದ್ದು, ಇಂಜಿನ್ನಿನ ತಳದಿಂದ. ಆಕ್ಸಿಲರೇಟರ್ ಕೊಟ್ಟಷ್ಟೂ ಜೋರು. ಇದು ಬೇರಿಂಗ್ ಸವೆದ ಸದ್ದು. ಇದಕ್ಕೆ ಕಾಯುವ ಮಾತಿಲ್ಲ. ಅದರಲ್ಲೂ ಮೀಟರಿನಲ್ಲಿ ಕೆಂಪು ಆಯಿಲ್ ದೀಪ ಹೊತ್ತಿದ್ದರೆ ರಸ್ತೆ ಪಕ್ಕಕ್ಕೆ ನಿಲ್ಲಿಸಿ ಇಂಜಿನ್ ಆರಿಸಿಬಿಡಿ, ಹಗ್ಗ ಕಟ್ಟಿ ಎಳೆಸಿಕೊಂಡೇ ಹೋಗಿ. ನಮ್ಮ ಭಾವನವರು ‘ಊರು ಹತ್ತಿರವೇ ಬಂತಲ್ಲ’ ಎಂದು ಆರೇಳು ಮೈಲಿ ಓಡಿಸಿಬಿಟ್ಟರು. ಬೇರಿಂಗಿನಲ್ಲಿ ಮುಗಿಯಬೇಕಾದ್ದು ಕ್ರ್ಯಾಂಕ್ ಶಾಫ್ಟಿನವರೆಗೆ ಹೋಯಿತು.

ಬಿಚ್ಚುವ ಮುಂಚೆ ಅಳತೆ

ನಮ್ಮ ಮನೆಯದು 1997ರ ಕಾರು. ಒಂದು ಮಳೆಗಾಲದಲ್ಲಿ ನಡುಕ, ಟಿಕ್ ಟಿಕ್ ಎರಡೂ ಶುರುವಾಯಿತು. ಒಂದು ಗ್ಯಾರೇಜಿನವರು ಐದು ನಿಮಿಷ ಕೇಳಿ, ‘ಇಂಜಿನ್ ಬಿಚ್ಚಿ ಬೋರಿಂಗ್ ಮಾಡಿಸಬೇಕು, 35,000 ಇಟ್ಕೊಳ್ಳಿ’ ಅಂದರು. ‘ಯಾವ ಸಿಲಿಂಡರು ಕೆಲಸ ಮಾಡ್ತಿಲ್ಲ?’ ಎಂದು ಕೇಳಿದೆ. ‘ಅದೆಲ್ಲ ನಿಮಗೆ ಗೊತ್ತಾಗಲ್ಲ ಮೇಡಂ’ ಎಂದು ಯಜಮಾನರ ಕಡೆ ತಿರುಗಿದರು. ನಾವು ಗಾಡಿ ವಾಪಸು ತಂದೆವು.

ಪೇಟೆಯ ಇನ್ನೊಂದು ಕಡೆ ವಯಸ್ಸಾದ ಮೇಸ್ತ್ರಿಯೊಬ್ಬರಿದ್ದಾರೆ. ಅವರು ಇಂಜಿನ್ ಓಡುತ್ತಿರುವಾಗಲೇ ರಬ್ಬರ್ ಹಿಡಿಯ ಇಕ್ಕಳದಿಂದ ಒಂದೊಂದೇ ಪ್ಲಗ್ ವೈರು ತೆಗೆದು ನೋಡಿದರು. ಮೊದಲನೆಯದನ್ನೂ ಮೂರನೆಯದನ್ನೂ ತೆಗೆದಾಗ ಇಂಜಿನ್ ಮುಗ್ಗರಿಸಿತು. ಎರಡನೆಯದನ್ನು ತೆಗೆದಾಗ ಏನೂ ವ್ಯತ್ಯಾಸವಿಲ್ಲ. ‘ನೋಡಿ ಅಕ್ಕಾ, ಇವನೇ ಮಲಗಿರೋನು’ ಅಂದರು. ಆಮೇಲೆ ಪ್ಲಗ್ಗುಗಳ ಜಾಗಕ್ಕೆ ಮೀಟರು ಹಾಕಿ ಕಂಪ್ರೆಷನ್ ಅಳೆದರು. ಮೂರೂ ಚೆನ್ನಾಗಿಯೇ ಇತ್ತು, ಹೆಚ್ಚು ಕಡಿಮೆ ಒಂದೇ ಸಮ. ಅಂದರೆ ಸಿಲಿಂಡರು ಸವೆದಿಲ್ಲ, ಬೋರಿಂಗ್ ಬೇಕಿಲ್ಲ. ಎರಡನೆಯ ವೈರು ಒಳಗೇ ಸೀಳಿತ್ತು. ವೈರು, ಪ್ಲಗ್ಗು ಬದಲಿಸಿ, ಟ್ಯಾಪೆಟ್ ಸರಿಮಾಡಿ, ಕೂಲಿ ಸೇರಿ 2,300 ರೂಪಾಯಿಯಾಯಿತು.

ಆದ್ದರಿಂದ ಯಾರೇ ‘ಇಂಜಿನ್ ಬಿಚ್ಚಬೇಕು’ ಎಂದರೂ ‘ಕಂಪ್ರೆಷನ್ ಎಷ್ಟು ಬಂತು, ಬರೆದುಕೊಡಿ’ ಎಂದು ಕೇಳಿ. ಬೇರಿಂಗ್ ಅಂತ ಹೇಳಿದರೆ ಆಯಿಲ್ ಪ್ರೆಷರ್ ಅಳೆಸಿ. ಪ್ರಾಮಾಣಿಕ ಮೆಕ್ಯಾನಿಕ್ ಇದಕ್ಕೆ ಸಿಟ್ಟಾಗುವುದಿಲ್ಲ. ಮಾರುತಿ 800ಕ್ಕೂ 2000ದ ಸುಮಾರಿಗೆ ಕಾರ್ಬುರೇಟರ್ ಬದಲು ಇಂಜೆಕ್ಷನ್ ಬಂತು. ಅಂಥ ಗಾಡಿಗಳಲ್ಲಿ ವೈರು ಕೀಳುವ ಪರೀಕ್ಷೆ ಬೇಡ, ಉರಿಯದ ಪೆಟ್ರೋಲು ಹೊಗೆಕೊಳವೆಯ ಕನ್ವರ್ಟರನ್ನು ಕೆಡಿಸುತ್ತದೆ. ಸ್ಕ್ಯಾನರ್ ಜೋಡಿಸಿ ನೋಡಲು ಹೇಳಿ.

ಎಚ್ಚರಿಕೆ

ಬಾನೆಟ್ ಎತ್ತುವ ಮೊದಲು ಸೆರಗು ಸಿಕ್ಕಿಸಿ, ಜಡೆ ಮೇಲೆ ಕಟ್ಟಿ, ಬಳೆ ತೆಗೆದಿಡಿ. ಎಷ್ಟೋ ಕಾರುಗಳಲ್ಲಿ ರೇಡಿಯೇಟರ್ ಫ್ಯಾನು ಕೀ ತೆಗೆದ ಮೇಲೂ ತಾನಾಗಿ ತಿರುಗಬಹುದು. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆರೆಯಬೇಡಿ. ಪ್ಲಗ್ ವೈರಿನಲ್ಲಿ ಸಾವಿರಾರು ವೋಲ್ಟ್ ಹರಿಯುತ್ತದೆ, ಇಂಜಿನ್ ಓಡುವಾಗ ನೀವು ಮುಟ್ಟಲೇಬೇಡಿ, ಅದು ಮೇಸ್ತ್ರಿಯ ಕೆಲಸ. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಇಂಜಿನ್ ಓಡಿಸಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಆದರೆ ಜೀವ ತೆಗೆಯುತ್ತದೆ.

ಚೀಟಿಯಲ್ಲಿ ಬರೆದುಕೊಂಡು ಹೋಗಿ

1. ಸದ್ದು ಬರುವುದು ತಣ್ಣಗಿದ್ದಾಗಲೋ, ಬಿಸಿಯಾದ ಮೇಲೋ?
2. ನಿಂತಾಗಲೋ, ಓಡುವಾಗಲೋ, ಏರು ಹತ್ತುವಾಗಲೋ?
3. ಹಗುರವೋ, ಭಾರವೋ? ಮೇಲಿಂದಲೋ, ತಳದಿಂದಲೋ?
4. ಹೊಗೆಯ ಬಣ್ಣ ಏನು? (ಕಪ್ಪಾದರೆ ಪೆಟ್ರೋಲು ಹೆಚ್ಚು, ನೀಲಿಯಾದರೆ ಆಯಿಲ್ ಉರಿಯುತ್ತಿದೆ.)
5. ಆಯಿಲ್ ಎಷ್ಟಿದೆ? ಸಮತಟ್ಟು ಜಾಗದಲ್ಲಿ ಇಂಜಿನ್ ಆರಿಸಿ ಐದು ನಿಮಿಷ ಬಿಟ್ಟು, ಕಡ್ಡಿ ಒರೆಸಿ, ಪುನಃ ಅದ್ದಿ ನೋಡಿ. ಎರಡು ಗುರುತುಗಳ ನಡುವೆ ಇರಬೇಕು.
6. ಪ್ಲಗ್ಗು, ಏರ್ ಫಿಲ್ಟರು, ಆಯಿಲ್ ಕೊನೆಯ ಬಾರಿ ಬದಲಿಸಿದ್ದು ಯಾವಾಗ?

ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲೇ ಇದಕ್ಕೊಂದು ಪುಟ ಮಾಡಿಕೊಳ್ಳಿ. ಬಿಚ್ಚಿದ ಹಳೆಯ ಸಾಮಾನನ್ನು ಗ್ಯಾರೇಜಿನಿಂದ ಕೇಳಿ ವಾಪಸು ತನ್ನಿ. ಏನು ಬದಲಾಯಿತು, ಎಷ್ಟು ಕೊಟ್ಟಿರಿ ಎಂಬುದನ್ನು ಅವತ್ತೇ ಬರೆದಿಡಿ.